ಹಸಿವಿನ ಮುಖವಾದ ಸೌಟಕ್ಕ

ಸೌಟಕ್ಕನಿಗೆ ಆ ಹೆಸರಿಟ್ಟವರು ಹಾಸ್ಟೆಲಿನ ಹುಡುಗಿಯರು. ಹಿಂದಿನ ಯಾವುದೋ ವರ್ಷದವರು ಇಟ್ಟು ಹೋದರು, ಆಮೇಲೆ ಬಂದವರು ನಡೆಸಿಕೊಂಡು ಬಂದರು. ಆಳು ದಪ್ಪ. ದಪ್ಪ ಎಂದರೆ ಮುಚ್ಚುಮರೆ ಇಲ್ಲದ ದಪ್ಪ. ಅಡುಗೆಮನೆಯ ಬಾಗಿಲಲ್ಲಿ ಅವಳು ನಿಂತರೆ ಒಳಗೆ ಬರುವವರು ಅವಳು ಸರಿಯುವ ತನಕ ಕಾಯಬೇಕು. "ಅಡುಗೆಯವಳು ಸಣಕಲಾಗಿದ್ರೆ ಅವಳ ಅಡುಗೆ ನಂಬಬೇಡಿ" ಎಂದು ತಾನೇ ಹೇಳಿ ತಾನೇ ಮೊದಲು ನಗುತ್ತಿದ್ದಳು. ಇಂಥವಳು ಒಂದು ದಿನ ಇಡೀ ನಾಡಿಗೆ ಹಸಿವಿನ ಮುಖವಾದಳು. ನಮ್ಮ ಜನಕ್ಕೆ ಕಣ್ಣು ಎಷ್ಟು ಚುರುಕು ಎಂಬುದನ್ನು ಇದರಿಂದಲೇ ತಿಳಿದುಕೊಳ್ಳಬಹುದು.

ಅವಳ ಮುತ್ತಜ್ಜನ ಕಾಲದಲ್ಲಿ ಅವಳ ಜನ ಸಮುದ್ರದಾಚೆಯಿಂದ ಬಂದು ಬಂದರಿನಲ್ಲಿ ಮೂಟೆ ಹೊತ್ತವರು. ಮೂಟೆಗಳನ್ನು ಈಗ ಯಂತ್ರಗಳು ಎತ್ತುತ್ತವೆ. ಹೊತ್ತವರ ಮೊಮ್ಮಕ್ಕಳು ಊರೊಳಗೆ ಸೇರಿ ಮೆಕ್ಯಾನಿಕ್ಕು, ನರ್ಸು, ಗುಮಾಸ್ತ ಎಂದು ಹರಡಿಹೋದರು. ಮನೆಯಲ್ಲಿ ಆಡುವುದು ಊರಿನ ಮಾತೇ, ಬೈಗುಳವೂ ಊರಿನದೇ. ಆದರೆ ಮೈಬಣ್ಣ ಕಡುಕಪ್ಪು, ಕೂದಲು ಬಾಚಣಿಗೆಗೆ ಬಗ್ಗದ ಗುಂಗುರು. ಆದ್ದರಿಂದ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಈಗಲೂ ಕೇಳುತ್ತಿದ್ದರು, "ನೀವು ಯಾವ ಕಡೆಯವರು?" ಸೌಟಕ್ಕ ಹೇಳುತ್ತಿದ್ದಳು, "ಇಲ್ಲೇ, ಮಾರ್ಕೆಟ್ಟಿನ ಹಿಂದೆ." "ಅದಲ್ಲ, ಮೂಲ ಎಲ್ಲಿ?" "ಮೂಲಾನೂ ಮಾರ್ಕೆಟ್ಟಿನ ಹಿಂದೇನೇ. ಹುಟ್ಟಿದ ಮನೆ ಬಿದ್ದುಹೋಯ್ತು, ಅದಕ್ಕೆ ಎದುರು ಮನೆಗೆ ಬಂದ್ವಿ."

ಆ ವರ್ಷ ಹಾಸ್ಟೆಲಿನ ಹಿರಿಯ ಅಡುಗೆಯವರು ಮಂಡಿನೋವಿನಿಂದ ಕೆಲಸ ಬಿಡುವವರಿದ್ದರು. ಅವರನ್ನು ಎಲ್ಲರೂ ಹಿರಿಯಮ್ಮ ಎನ್ನುತ್ತಿದ್ದರು. ಉಗ್ರಾಣದ ಬೀಗದಕೈ ಅವರ ಸೊಂಟದಲ್ಲಿರುತ್ತಿತ್ತು. ಅದು ಯಾರ ಸೊಂಟದಲ್ಲಿದೆಯೋ ಇವತ್ತೇನು ಅಡುಗೆ ಎಂದು ಹೇಳುವವರು ಅವರೇ. ಅವರ ನಂತರ ಸೌಟಕ್ಕ ಎಂಬುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಹಾಸ್ಟೆಲಿನ ಕಮಿಟಿಯವರು ಕೂತು ಹ್ಞೂಂ ಅನ್ನುವುದಷ್ಟೇ ಬಾಕಿಯಿತ್ತು. ಅವಳಿಗೂ ಆ ಆಸೆ ಬಲವಾಗಿತ್ತು, ಅದನ್ನು ಅವಳು ಬಚ್ಚಿಟ್ಟವಳೂ ಅಲ್ಲ. ಇಷ್ಟು ವರ್ಷ ಬೇರೆಯವರು ಹೇಳಿದ್ದನ್ನು ಬೇಯಿಸಿದ್ದಾಯಿತು, ಇನ್ನಾದರೂ ತಾನು ಹೇಳಿದ್ದು ಬೇಯಬೇಕು. ಸ್ನಾನ ಮಾಡುವಾಗ ಕೂಡ ಅವಳು ವಾರದ ಏಳು ದಿನದ ಅಡುಗೆಯನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು.

ಆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವುದೇ ಒಂದು ಶಿಸ್ತು. ಬೆಳಗ್ಗೆ ಮೂರು ಹೆಂಗಸರು ಮಣೆ ಹಾಕಿಕೊಂಡು ಕೂರುತ್ತಿದ್ದರು: ನಡುವೆ ಸೌಟಕ್ಕ, ಒಂದು ಪಕ್ಕ ಗಿಡ್ಡಕ್ಕ, ಇನ್ನೊಂದು ಪಕ್ಕ ಮಾತಿನಮಲ್ಲಿ. ಈರುಳ್ಳಿಯ ಕೈಯಲ್ಲಿ ಕಣ್ಣು ಮುಟ್ಟಬಾರದು ಎಂಬುದು ಹಿರಿಯಮ್ಮನ ಕಟ್ಟಪ್ಪಣೆ. ಉರಿ ತಡೆಯದಾದಾಗ ಚಾಕು ಕೆಳಗಿಟ್ಟು, ಗೋಡೆಯ ಮೇಲಿನ ಎತ್ತರದ ಕಿಟಕಿಯ ಕೆಳಗೆ ನಿಲ್ಲಬೇಕು. ಮುಖ ಮೇಲೆತ್ತಿ, ಬಾಯಿ ಅಗಲ ತೆರೆದು ಬಾಯಲ್ಲೇ ಉಸಿರಾಡುತ್ತಾ, ಎರಡೂ ಅಂಗೈಗಳನ್ನು ಮುಖಕ್ಕೆ ತಾಗದ ಹಾಗೆ ಮೇಲ್ಮುಖವಾಗಿ ಹಿಡಿದುಕೊಂಡು, ಕಣ್ಣೀರು ತಾನಾಗಿ ನಿಲ್ಲುವ ತನಕ ಹರಿಯಬಿಡಬೇಕು. "ಕಿಟಕಿಗೆ ಹೋಗಿ ಬರ್ತೀನಿ" ಎಂದರೆ ಅಲ್ಲಿ ಅದೇ ಅರ್ಥ. ಒಮ್ಮೊಮ್ಮೆ ಮೂವರೂ ಒಟ್ಟಿಗೇ ಹೋಗಿ ಸಾಲಾಗಿ ನಿಲ್ಲುತ್ತಿದ್ದರು. ಅಳುತ್ತಲೇ ಹರಟುತ್ತಿದ್ದರು.

ಹೀಗೆ ನಿಂತಿದ್ದಾಗಲೇ ಫೋಟೋದವನು ಬಂದದ್ದು. ಹಾಸ್ಟೆಲಿನ ಪರಿಚಯ ಪುಸ್ತಿಕೆಗೆ ಹೊಸ ಬಾಯ್ಲರಿನ ಚಿತ್ರ ಬೇಕೆಂದು ವಾರ್ಡನ್ ಅವನನ್ನು ಕರೆಸಿದ್ದರು; ಅವನು ಒಂದು ವಾರಪತ್ರಿಕೆಗೂ ಚಿತ್ರ ಮಾರುತ್ತಿದ್ದವನು. ಬಾಯ್ಲರಿನ ಚಿತ್ರ ತೆಗೆದ, ತಿರುಗಿ ನೋಡಿದರೆ ಕಿಟಕಿಯ ಬೆಳಕಿನಲ್ಲಿ ಮೂರು ಹೆಂಗಸರು ಅಂಗೈ ಚಾಚಿ ಕಣ್ಣೀರು ಸುರಿಸುತ್ತಿದ್ದಾರೆ. ಒಂದೆರಡು ಚಿತ್ರ ಹೊಡೆದುಕೊಂಡು, "ಥ್ಯಾಂಕ್ಸ್ ಅಕ್ಕ" ಎಂದು ಹೋದ. ಸೌಟಕ್ಕ ಅದನ್ನು ಮರೆತೂ ಬಿಟ್ಟಳು.

ಅವಳ ಗಂಡನದು ಕಟಿಂಗ್ ಶಾಪು. ಕಾಯುವ ಗಿರಾಕಿಗಳಿಗೆಂದು ವಾರಪತ್ರಿಕೆ ಹಾಕಿಸುತ್ತಿದ್ದ. ಒಂದು ಬೆಳಗ್ಗೆ ಒಬ್ಬನ ಗಲ್ಲಕ್ಕೆ ನೊರೆ ಹಚ್ಚಿ ಕತ್ತಿ ಆಡಿಸುತ್ತಿರುವಾಗ ಕನ್ನಡಿಯಲ್ಲಿ ಹೆಂಡತಿಯ ಮುಖ ಕಂಡಿತು. ಬಂದಳೇನೋ ಎಂದು ತಿರುಗಿದರೆ, ಹಿಂದೆ ಬೆಂಚಿನ ಮೇಲೆ ಕೂತವನ ಕೈಯಲ್ಲಿದ್ದ ಪತ್ರಿಕೆಯ ಮುಖಪುಟದಲ್ಲಿ ಅವಳಿದ್ದಳು. ಸುತ್ತಲೂ ಕಪ್ಪು, ನಡುವೆ ಅವಳ ಮುಖ, ಕೆನ್ನೆಯ ಮೇಲೆ ನೀರು, ತೆರೆದ ಬಾಯಿ, ಚಾಚಿದ ಎರಡು ಅಂಗೈ. ಕೆಳಗೆ ದಪ್ಪಕ್ಷರದಲ್ಲಿ ‘ಹಸಿವಿನ ಮುಖ’. ಗಿಡ್ಡಕ್ಕನನ್ನೂ ಮಾತಿನಮಲ್ಲಿಯನ್ನೂ ಎಡಬಲದಲ್ಲಿ ಕತ್ತರಿಸಿ ಹಾಕಿದ್ದರು. ಎದೆಯಿಂದ ಕೆಳಗೂ ಕತ್ತರಿಸಿದ್ದರು, ಅದು ಜಾಣತನ. ಉಳಿದದ್ದೂ ಬಂದಿದ್ದರೆ ಹಸಿವು ಅಲ್ಲಿಂದಲೇ ಕಾಲು ಕೀಳುತ್ತಿತ್ತು.

"ಪಾಪ, ಆ ಕಣ್ಣು ನೋಡಿದ್ರೆ ಕರುಳು ಕಿತ್ತು ಬರುತ್ತೆ" ಎಂದ ಪತ್ರಿಕೆ ಹಿಡಿದಿದ್ದವನು.

"ಹಸಿವಂತೆ! ಬೆಳಗ್ಗೆ ಎರಡು ಸಲ ತಿಂದು ಹೋಗಿದಾಳೆ" ಎಂದ ಗಂಡ. ನೊರೆಯವನು ಬೆಚ್ಚಿಬಿದ್ದ, ಏಕೆಂದರೆ ಕತ್ತಿ ಅವನ ಗಂಟಲ ಹತ್ತಿರವಿತ್ತು.

ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುದಿದವಳು ಅತ್ತೆ. ಮೊದಲು ಸೊಸೆ ಪತ್ರಿಕೆಯಲ್ಲಿ ಬಂದಳೆಂದು ಹಿಗ್ಗಿದಳು. ಪಕ್ಕದ ಮನೆಯವರು ಕೆಳಗಿನ ಅಕ್ಷರ ಓದಿ ಹೇಳಿದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಳು. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ನನ್ನ ಕಾಲಕ್ಕೆ ನೀನು ಹೀಗೆ ಮಾಡೋದೇನೇ? ಸೊಸೆಗೆ ಕೂಳು ಹಾಕದ ಅತ್ತೆ ಅಂತ ಬೀದಿಯವರೆಲ್ಲ ನನ್ನ ಮುಖ ನೋಡ್ತಿದಾರಲ್ಲೇ!"

"ಅತ್ತೆ, ಅದು ಈರುಳ್ಳಿ."

"ಈರುಳ್ಳಿ ಅಂತ ಅದ್ರಲ್ಲಿ ಬರೆದಿದಾರಾ? ಇಲ್ಲವಲ್ಲ!" ಅತ್ತೆಯ ಮಾತಿನಲ್ಲಿ ಹುರುಳಿತ್ತು.

ಸೌಟಕ್ಕ ಮೊದಲ ಎರಡು ದಿನ ನಕ್ಕಳು. ನಗದೆ ಏನು ಮಾಡಿಯಾಳು? ಬಸ್ಸಿನಲ್ಲಿ ಒಬ್ಬ ಹೆಂಗಸು ಅವಳನ್ನು ಗುರುತಿಸಿ ಅರ್ಧ ತಿಂದ ಬನ್ನನ್ನು ಕೈಗಿಟ್ಟು ಕಣ್ಣೊರೆಸಿಕೊಂಡಳು. ಹಾಸ್ಟೆಲಿನ ಗೇಟಿಗೆ ಹಳೆ ಬಟ್ಟೆಯ ಗಂಟುಗಳು ಬಂದವು. ಅದರಲ್ಲಿ ಒಂದು ಬಟ್ಟೆಯಾದರೂ ಅವಳ ತೋಳಿಗೆ ಹಿಡಿಸುವಂಥದ್ದಿರಲಿಲ್ಲ. ಹಸಿದವರು ಯಾವ ಅಳತೆಯಲ್ಲಿರಬೇಕೆಂದು ಕೊಟ್ಟವರಿಗೆ ಗೊತ್ತಿತ್ತು. ಮುಂದಿನ ವಾರದ ಪತ್ರಿಕೆಯಲ್ಲಿ ಓದುಗರ ಪತ್ರಗಳೇ ಪತ್ರಗಳು. ಒಬ್ಬರು ಆ ಮುಖದಲ್ಲಿ ಯುಗಯುಗಗಳ ನೋವನ್ನು ಕಂಡಿದ್ದರು. ಇನ್ನೊಬ್ಬರು ಆ ಜನ ದುಡಿಯದೆ ಕೈಚಾಚುವುದನ್ನು ಎಂದು ಬಿಡುತ್ತಾರೆ ಎಂದು ಕೇಳಿದ್ದರು. ಇಬ್ಬರೂ ಆ ಚಿತ್ರವನ್ನು ನಂಬಿದ್ದರು.

ನಗು ನಿಂತದ್ದು ಹುಡುಗಿಯರ ತಾಯ್ತಂದೆಯರು ಬರತೊಡಗಿದಾಗ. ಬೆಂಕಿ ಇಲ್ಲದೆ ಹೊಗೆಯಾಡುತ್ತದೆಯೇ ಎಂಬುದು ಅವರ ವಾದ. ಅಡುಗೆಯವಳೇ ಉಪವಾಸವಿದ್ದರೆ ಮಕ್ಕಳ ತಟ್ಟೆಗೆ ಏನು ಬೀಳುತ್ತಿದೆ ಎಂದು ಒಬ್ಬರು ಕೇಳಿದರು. ಹಸಿದವಳ ಕೈಗೆ ಉಗ್ರಾಣ ಕೊಟ್ಟರೆ ಉಳಿಯುತ್ತದೆಯೇ ಎಂದು ಮತ್ತೊಬ್ಬರು. ಮೂರನೆಯವರು ಬಾಯಿಬಿಟ್ಟು ಹೇಳಲಿಲ್ಲ, ಸ್ವಚ್ಛತೆ, ಸ್ವಚ್ಛತೆ ಎಂದು ಮಾತ್ರ ಎರಡು ಮೂರು ಸಲ ಅಂದರು. ಅವರ ಮಗಳು ಆ ಕೈಯ ಅಡುಗೆ ಉಂಡೇ ಬೆಳೆದಿದ್ದಳು.

ವಾರ್ಡನ್ ಒಳ್ಳೆಯ ಹೆಂಗಸು. ಆದರೆ ಒಳ್ಳೆಯತನಕ್ಕೂ ಧೈರ್ಯಕ್ಕೂ ನಂಟಿರಲೇಬೇಕೆಂದಿಲ್ಲವಲ್ಲ. "ನೋಡಮ್ಮ, ನನಗೆಲ್ಲ ಗೊತ್ತು. ಆದ್ರೆ ಸಭೇಲಿ ಕಮಿಟಿಯವರು ಕೇಳ್ತಾರೆ. ಅಷ್ಟರೊಳಗೆ ಇದೊಂದು ತಣ್ಣಗಾಗಲಿ" ಎಂದರು.

ತಣ್ಣಗಾಗುವ ಬದಲು ಅದು ಬೀದಿಗೆ ಬಂತು. ಅವಳ ಜನದ ಸಂಘದವರು ಚೌಕದಲ್ಲಿ ಪತ್ರಿಕೆಯನ್ನು ಸುಟ್ಟರು. ಕೋಪ ನ್ಯಾಯವಾದದ್ದೇ. ಬರಗಾಲದ ಸುದ್ದಿಗೆ ನಮ್ಮ ಮುಖ, ಕಳ್ಳತನದ ಕಥೆಗೆ ನಮ್ಮ ಮುಖ, ರೋಗದ ಜಾಹೀರಾತಿಗೆ ನಮ್ಮ ಮುಖ, ಸೋಪಿನ ಜಾಹೀರಾತಿಗೆ ಮಾತ್ರ ಯಾಕೆ ಅವರ ಮುಖ ಎಂದು ಅಧ್ಯಕ್ಷರು ಗುಡುಗಿದಾಗ ಜನಸಂದಣಿಯ ಹಿಂದೆ ನಿಂತಿದ್ದ ಸೌಟಕ್ಕನಿಗೆ ಮೈ ಜುಮ್ಮೆಂದಿತು. ಹೌದಲ್ಲ, ಇದನ್ನು ನಾನು ಇಷ್ಟು ದಿನ ಯೋಚಿಸಲೇ ಇಲ್ಲವಲ್ಲ ಎಂದುಕೊಂಡಳು. ಅಧ್ಯಕ್ಷರು ಅವಳನ್ನು ವೇದಿಕೆಗೆ ಕರೆದರು. ಹತ್ತುವ ಮೊದಲು ಅವಳು ಅವರ ಕಿವಿಯಲ್ಲಿ ಹೇಳಿದಳು, "ಅಣ್ಣ, ಅದು ಹಸಿವೂ ಅಲ್ಲ, ಏನೂ ಅಲ್ಲ. ನಾವು ಮೂವರೂ ಈರುಳ್ಳಿ ಹೆಚ್ತಿದ್ವಿ. ಅದನ್ನೇ ಹೇಳ್ಬಿಡ್ತೀನಿ."

ಅಧ್ಯಕ್ಷರ ಮುಖ ಇಳಿಯಿತು. "ಅಕ್ಕ, ಈರುಳ್ಳಿ ವಿಷಯ ಈಗ ಬೇಡ. ಜನ ನಗ್ತಾರೆ. ನಕ್ಕುಬಿಟ್ರೆ ಹೋರಾಟ ಮುಗೀತು. ನೀವು ಸುಮ್ಮನೆ ನಿಂತಿರಿ ಸಾಕು."

ಅವಳು ಸುಮ್ಮನೆ ನಿಂತಳು. ಜನ ಚಪ್ಪಾಳೆ ತಟ್ಟಿದರು. ಒಬ್ಬಾತ ಅದೇ ಮುಖಪುಟವನ್ನು ದೊಡ್ಡದು ಮಾಡಿ ಕೋಲಿಗೆ ಕಟ್ಟಿ ಎತ್ತಿ ಹಿಡಿದಿದ್ದ. ಹಾಗಾಗಿ ಪತ್ರಿಕೆ ಕೊಳ್ಳದವರಿಗೂ ಅವಳ ಕಣ್ಣೀರು ಸಿಕ್ಕಿತು.

ಸಂಪಾದಕರು ಕ್ಷಮೆ ಕೇಳಲು ತಾವೇ ಬಂದರು. ಜೊತೆಗೆ ಅದೇ ಫೋಟೋದವನು, ಒಂದು ಚೀಲ. ಸಂಪಾದಕರು ತುಂಬ ನಯವಂತರು, ಅಡುಗೆಮನೆಯ ಒದ್ದೆ ನೆಲದ ಮೇಲೆ ಬೂಟು ಬಿಚ್ಚಿ ನಿಂತರು. "ತಾಯಿ, ನಿಮ್ಮ ಜನಕ್ಕೆ ನೋವಾಗಿದೆ. ಈ ಸಲ ನಿಮ್ಮ ಹೆಮ್ಮೆಯ ಮುಖ ಹಾಕ್ತೀವಿ."

ಸೌಟಕ್ಕನಿಗೆ ಜೀವ ಬಂತು. "ಹಾಗಿದ್ರೆ ನಾವು ಮೂವರೂ ಮಣೆ ಮುಂದೆ ಕೂತಿರೋದನ್ನ ತೆಗೀರಿ ಸಾರ್. ಕೆಳಗೆ ‘ಈರುಳ್ಳಿ ಹೆಚ್ಚುತ್ತಿರುವುದು’ ಅಂತ ಬರೀರಿ. ಎಲ್ಲ ಸರಿಹೋಗುತ್ತೆ."

ಸಂಪಾದಕರು ಗಂಟಲು ಸರಿಮಾಡಿಕೊಂಡರು. ಈರುಳ್ಳಿ ಎಂದು ಅಚ್ಚಾದರೆ ಹಸಿವಿನ ಸಂಚಿಕೆಯೇ ಸುಳ್ಳು ಎಂದಾಗುತ್ತದೆ, ಅದನ್ನು ನೋಡಿ ದಾನ ಕೊಟ್ಟವರು ಕೇಳುತ್ತಾರೆ ಎಂದು ಸುತ್ತಿ ಬಳಸಿ ಹೇಳಿದರು. ಪತ್ರಿಕೆಯವರಿಗೂ ಸಂಘದವರಿಗೂ ಹಾವು ಮುಂಗುಸಿಯ ಹಗೆ. ಈರುಳ್ಳಿ ಬೇಡ ಎಂಬ ಒಂದೇ ವಿಷಯದಲ್ಲಿ ಇಬ್ಬರದೂ ಒಂದೇ ಮಾತು.

ಆಮೇಲೆ ಫೋಟೋದವನು ಚೀಲ ಬಿಚ್ಚಿದ. ಒಳಗಿದ್ದದ್ದು ಬಣ್ಣದ ಮಣಿಗಳ ಸರ, ಮೊಣಕಾಲುದ್ದದ ಒಂದು ಡೋಲು. "ನಿಮ್ಮ ಮೂಲದ್ದು" ಎಂದರು ಸಂಪಾದಕರು ಗೌರವದಿಂದ. ಸೌಟಕ್ಕ ಹುಟ್ಟಿದಾಗಿನಿಂದ ಬಡಿದದ್ದು ಊಟಕ್ಕೆ ತಡಮಾಡುವ ಹುಡುಗಿಯರನ್ನು ಕರೆಯಲು ಪಾತ್ರೆಯ ಮುಚ್ಚಳ ಒಂದನ್ನೇ. ಆ ಡೋಲನ್ನು ನೋಡಿ, ಆ ಬೂಟಿಲ್ಲದ ಸಂಪಾದಕರನ್ನು ನೋಡಿ, ಅವಳಿಗೆ ತಡೆಯಲಾರದ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು. ಕ್ಯಾಮೆರಾ ಕ್ಲಿಕ್ ಅಂದಿತು.

ಮುಂದಿನ ಸಂಚಿಕೆಯ ಮುಖಪುಟ: ಕಪ್ಪು ಮುಖ, ಬೆಳ್ಳನೆ ಹಲ್ಲು, ಮೂಲೆಯಲ್ಲಿ ಡೋಲು. ‘ಬಡತನದಲ್ಲೂ ನಗುವ ಜನ’. ಪತ್ರಿಕೆಯೆಂಬ ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಓದುಗರು ಮತ್ತೆ ಬರೆದರು. ಎಷ್ಟು ಕಷ್ಟವಿದ್ದರೂ ಈ ಜನಕ್ಕೆ ಚಿಂತೆಯೆಂಬುದೇ ಇಲ್ಲ, ಇವರಿಂದ ನಾವು ಕಲಿಯಬೇಕು ಎಂದು. ಚಿಂತೆಯಿಲ್ಲದ ಸೌಟಕ್ಕ ಆ ವಾರ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕಮಿಟಿಯ ಸಭೆ ಹತ್ತಿರ ಬಂದಿತ್ತು.

ಆಗ ಅವಳಿಗೆ ಹೊಳೆದದ್ದು ಒಂದೇ ದಾರಿ, ಕತ್ತರಿಸದ ಚಿತ್ರ. ಮೂವರೂ ಸಾಲಾಗಿ ನಿಂತದ್ದನ್ನು ಕಂಡರೆ ಕುರುಡನಿಗೂ ಅರ್ಥವಾಗಬೇಕು. ಫೋಟೋದವನ ಅಂಗಡಿಗೆ ಹೋಗಿ ಕೇಳಿದಳು. ಅವನು ತಲೆ ಕೆರೆದುಕೊಂಡು ದೊಡ್ಡ ಪ್ರಿಂಟು ಹಾಕಿ ಕೊಟ್ಟ. "ಸಾರಿ ಅಕ್ಕ. ಮೂರು ಮುಖ ಕವರಿಗೆ ಹಿಡಿಸಲ್ಲ."

"ಸರಿ, ಮೂರರಲ್ಲಿ ನನ್ನನ್ನೇ ಯಾಕೆ ಇಟ್ಕೊಂಡೆ?"

"ನಿಮ್ಮ ಮೇಲೆ ಬೆಳಕು ಚೆನ್ನಾಗಿತ್ತು."

ಕಿಟಕಿ ಒಂದೇ, ಬೆಳಕೂ ಒಂದೇ. ಸೌಟಕ್ಕ ಪ್ರಿಂಟನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಚಿತ್ರ ಕೈಗೆ ಸಿಕ್ಕಿತ್ತಲ್ಲ, ಅಷ್ಟೇ ಸಾಕಾಗಿತ್ತು.

ಸಭೆ ನಡೆದದ್ದು ಹಾಸ್ಟೆಲಿನ ಓದುವ ಕೋಣೆಯಲ್ಲಿ. ಉದ್ದದ ಮೇಜು, ನಾಲ್ಕಾರು ಜನ, ತಣ್ಣಗಾದ ಚಹಾ. ಅಧ್ಯಕ್ಷತೆ ಒಬ್ಬ ನಿವೃತ್ತ ಅಧಿಕಾರಿಯದು; ಅವರ ಪಕ್ಕ ಡಾಕ್ಟರ ಹೆಂಡತಿ, ಊರಿನ ಎಲ್ಲ ದಾನಧರ್ಮಕ್ಕೂ ಮುಂದಿರುವಾಕೆ. ಸೌಟಕ್ಕ ಒಗೆದ ಸೀರೆಯುಟ್ಟು ಬಂದು ಚಿತ್ರವನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಗಿಡ್ಡಕ್ಕ, ಮಾತಿನಮಲ್ಲಿ ಇಬ್ಬರೂ ಬಾಗಿಲ ಬಳಿ ಸಾಕ್ಷಿಗೆಂದು ನಿಂತರು.

"ನೋಡಿ ಸಾರ್. ಮೂವರೂ ಒಂದೇ ಥರ ನಿಂತಿದೀವಿ. ಈರುಳ್ಳಿ ಹೆಚ್ಚಿದ ಮೇಲೆ ನಾವು ದಿನಾ ಹೀಗೇ ನಿಲ್ಲೋದು. ಇದ್ರಲ್ಲಿ ಹಸಿವೂ ಇಲ್ಲ, ಅಳುವೂ ಇಲ್ಲ."

"ಹೌದು ಸಾರ್, ಮೂವರಿಗೂ ಕಣ್ಣು ಉರೀತಿತ್ತು" ಎಂದಳು ಮಾತಿನಮಲ್ಲಿ.

ಚಿತ್ರ ಕೈಯಿಂದ ಕೈಗೆ ಹೋಯಿತು. ನಿವೃತ್ತ ಅಧಿಕಾರಿಗಳು ಕನ್ನಡಕ ಏರಿಸಿ ನೋಡಿದರು, ಹೌದು ಹೌದು ಎಂದು ತಲೆಯಾಡಿಸಿದರು. ಸೌಟಕ್ಕನ ಎದೆ ಹಗುರಾಯಿತು. ಕಡೆಗೆ ಚಿತ್ರ ಡಾಕ್ಟರ ಹೆಂಡತಿಯ ಕೈಗೆ ಬಂತು. ಆಕೆ ಬಹಳ ಹೊತ್ತು ನೋಡಿ, ಬೆರಳಿಟ್ಟು ತೋರಿಸಿದರು.

"ಇವರಿಬ್ಬರು ಈರುಳ್ಳಿ ಹೆಚ್ಚಿ ನಿಂತಿದಾರೆ, ಗೊತ್ತಾಗುತ್ತೆ. ಆದ್ರೆ ನಡುವೆ ಇದ್ದಾಳಲ್ಲ, ಪಾಪ, ಇವಳು ನಿಜವಾಗಿ ಅಳ್ತಿದಾಳೆ."

ಎಲ್ಲರೂ ಮತ್ತೊಮ್ಮೆ ಬಗ್ಗಿ ನೋಡಿದರು. ಅವರ ಮುಖಗಳಲ್ಲಿ ಕರುಣೆ ಏರುವುದು ಸೌಟಕ್ಕನಿಗೆ ಹಾಲು ಉಕ್ಕಿ ಬರುವುದು ಕಂಡಷ್ಟೇ ಸ್ಪಷ್ಟವಾಗಿ ಕಂಡಿತು.

"ಇಲ್ಲಮ್ಮ! ಮೂವರದೂ ಒಂದೇ ಈರುಳ್ಳಿ!" ಅವಳ ದನಿ ಜೋರಾಯಿತು.

ಡಾಕ್ಟರ ಹೆಂಡತಿ ಎದ್ದು ಬಂದು ಅವಳ ಕೈಯನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದುಕೊಂಡರು. "ಗೊತ್ತಮ್ಮ. ಸ್ವಾಭಿಮಾನ. ಅದನ್ನ ನಾವು ಗೌರವಿಸ್ತೀವಿ."

ಹೊಡೆದವರಿಗೆ ತಿರುಗಿ ಹೊಡೆಯಬಹುದು, ಬೈದವರಿಗೆ ತಿರುಗಿ ಬೈಯಬಹುದು. ಕೈ ಹಿಡಿದುಕೊಂಡು ಕಣ್ಣು ತುಂಬಿಕೊಂಡವರಿಗೆ ಏನು ಮಾಡುವುದು? ಸೌಟಕ್ಕನಿಗೆ ಮೈಯೆಲ್ಲ ಉರಿಯಿತು. ಆ ಕೈಯನ್ನು ಕೊಡವಿ ಹಾಕಬೇಕೆನಿಸಿತು. ಕೊಡವಿದರೆ ಅದಕ್ಕೂ ಒಂದು ಒಳ್ಳೆಯ ಹೆಸರು ಇಡುತ್ತಾರೆಂದು ತಿಳಿದು ಸುಮ್ಮನೆ ನಿಂತಳು.

ತೀರ್ಮಾನ ಮೃದುವಾಗಿಯೇ ಬಂತು. ಇಷ್ಟು ನೊಂದ ಜೀವದ ಮೇಲೆ ಉಗ್ರಾಣದ ಭಾರ ಹೊರಿಸುವುದು ತರವಲ್ಲ. ತಾಯ್ತಂದೆಯರ ಮನಸ್ಸನ್ನೂ ನೋಡಬೇಕು. ಆದ್ದರಿಂದ ಬೀಗದಕೈ ಮಾತಿನಮಲ್ಲಿಗೆ. ಸೌಟಕ್ಕ ಇದ್ದ ಕೆಲಸದಲ್ಲೇ ಇರಬಹುದು. ಅಲ್ಲದೆ ದಿನವೂ ಮಿಕ್ಕ ಊಟವನ್ನು ಅವಳು ಮನೆಗೆ ಒಯ್ಯಲು ಕಮಿಟಿ ಸಂತೋಷದಿಂದ ಒಪ್ಪಿಗೆ ಕೊಡುತ್ತದೆ. "ನನ್ನ ಮನೇಲೂ ಒಲೆ ಇದೆ ಸಾರ್" ಎಂದಳು ಸೌಟಕ್ಕ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಬಂದದ್ದು ಮಿಕ್ಕ ತುತ್ತು.

ಮರುದಿನ ಬೆಳಗ್ಗೆ ಮಾತಿನಮಲ್ಲಿ ಹುಟ್ಟಿದ ಮೇಲೆ ಮೊದಲ ಸಲ ಮಾತಿಲ್ಲದೆ ಬಂದಳು. ಬೀಗದಕೈ ಸೊಂಟದಲ್ಲಿತ್ತು, ಸೆರಗನ್ನು ಅದರ ಮೇಲೆ ಹೊದಿಸಿಕೊಂಡಿದ್ದಳು. ಬಹಳ ಹೊತ್ತು ಸುಳಿದಾಡಿ, "ಅಕ್ಕ, ನಾನು ಕೇಳಿದ್ದಲ್ಲ. ಇವತ್ತು ಏನು ಮಾಡೋಣ, ನೀನೇ ಹೇಳು" ಎಂದಳು.

"ಬೀಗದಕೈ ಇರೋರು ಹೇಳ್ಬೇಕು" ಎಂದಳು ಸೌಟಕ್ಕ. ಅಷ್ಟು ಒರಟಾಗಿ ಹೇಳಬಾರದಿತ್ತು ಎಂದು ಆಮೇಲೆ ಅನಿಸಿತು. ಆದರೂ ಹಿಂದೆಗೆದುಕೊಳ್ಳಲಿಲ್ಲ.

ಆ ಸಂಜೆ ಅವಳು ಚಿತ್ರವನ್ನು ಮನೆಗೆ ತಂದು ಗಂಡನ ಮುಂದೆ ಹಾಕಿದಳು. ದಿನವಿಡೀ ಕನ್ನಡಿಯಲ್ಲಿ ಮುಖಗಳನ್ನೇ ನೋಡುವ ಅವನು ಒಮ್ಮೆ ಕಣ್ಣು ಹಾಯಿಸಿ, "ಮೂರು ಜನ ಈರುಳ್ಳಿ ಹೆಚ್ಚಿ ಕಣ್ಣು ಉರಿಸ್ಕೊಂಡಿದೀರಿ. ಇದ್ರಲ್ಲಿ ನೋಡೋಕೇನಿದೆ? ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ, ಬಿಡೇ" ಎಂದು ಅಂಗಡಿಯ ಬಾಗಿಲು ಹಾಕಲು ಹೊರಟ. ಅವಳಿಗೆ ಅವನ ಮೇಲೆ ಇದ್ದಕ್ಕಿದ್ದಂತೆ ತುಂಬ ಪ್ರೀತಿ ಬಂತು.

ಅತ್ತೆ ಹತ್ತಿರ ಬಂದು ಚಿತ್ರವನ್ನು ಕಣ್ಣಿಗೆ ಒತ್ತಿಕೊಂಡ ಹಾಗೆ ಹಿಡಿದು ನೋಡಿದಳು. ಬೈಯುತ್ತಾಳೆಂದು ಸೌಟಕ್ಕ ಕಾದಳು. ಅತ್ತೆ ಬೈಯಲಿಲ್ಲ. ಚಿತ್ರ ಕೆಳಗಿಟ್ಟು, ತಟ್ಟೆ ತಂದು, ಅನ್ನ ಬಡಿಸಿ, ಅದರ ಮೇಲೆ ಇನ್ನೊಂದು ಸೌಟು ಹೆಚ್ಚಿಗೆ ಹಾಕಿದಳು. "ತಿನ್ನೇ. ಏನಿದ್ರೂ ನನ್ನ ಹತ್ರ ಹೇಳ್ಬಹುದಿತ್ತು ನೀನು" ಎಂದಳು, ಹಿಂದೆಂದೂ ಆಡದ ಮೆತ್ತಗಿನ ದನಿಯಲ್ಲಿ.

"ಅತ್ತೆ, ಅದು..." ಎಂದಳು ಸೌಟಕ್ಕ.

ಅತ್ತೆ ಒಳಗೆ ಹೋದ ಮೇಲೆ ಅವಳೇ ಚಿತ್ರವನ್ನು ಕೈಗೆತ್ತಿಕೊಂಡಳು. ಎಡಕ್ಕೆ ಗಿಡ್ಡಕ್ಕ, ಈರುಳ್ಳಿ ಹೆಚ್ಚಿದವಳು. ಬಲಕ್ಕೆ ಮಾತಿನಮಲ್ಲಿ, ಈರುಳ್ಳಿ ಹೆಚ್ಚಿದವಳು. ನಡುವೆ ಒಬ್ಬ ಕಪ್ಪು ಹೆಂಗಸು ಅಂಗೈ ಚಾಚಿ ಅಳುತ್ತಿದ್ದಳು. ಸೌಟಕ್ಕ ಕಣ್ಣು ಮುಚ್ಚಿ ತೆರೆದು ಮತ್ತೆ ನೋಡಿದಳು. ಆ ಹೆಂಗಸು ಅಳುತ್ತಲೇ ಇದ್ದಳು. ಪದವಿ ತಪ್ಪಿದಾಗ ಆಗದಷ್ಟು ಭಯ ಈಗ ಅವಳಿಗಾಯಿತು. ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಆ ಚಿತ್ರ ತೆಗೆದ ದಿನ ಬೆಳಗ್ಗೆ ತನಗೇನು ದುಃಖವಿತ್ತು ಎಂದು ಅವಳು ನೆನಪು ಮಾಡಿಕೊಳ್ಳುತ್ತಾ ಕೂತಳು.